ನಮ್ಮ ಪಾತ್ರೆಗೆ ಕಣ್ಣು ಬಂದದ್ದು

ನನಗಾದ ಆಘಾತ ಎಂಥದ್ದೆಂದರೆ, ಇದನ್ನು ಹೇಳಲು ಕೂತ ಈ ಗಳಿಗೆಯಲ್ಲೂ ಬಾಯಿ ತಾನಾಗಿ ತೆರೆದುಕೊಂಡು ಹಾಗೇ ನಿಂತುಬಿಡುತ್ತದೆ. (ನನ್ನ ಬಾಯಿ ತೆರೆದಿರುವುದು ಹೊಸದೇನಲ್ಲ, ಅದರಿಂದ ಮಾತು ಹೊರಡದೆ ಇರುವುದೇ ಹೊಸದು ಎನ್ನುತ್ತಾರೆ ನಮ್ಮ ಮನೆಯವರು.) ಆದರೂ ಹೇಳದೆ ವಿಧಿಯಿಲ್ಲ. ನನ್ನ ತವರಿನವರು ಆಗಲೇ ಈ ಸಂಗತಿಯನ್ನು ಮಾರಂಡಹಳ್ಳಿಯಿಂದ ಧರ್ಮಪುರಿ ಬಸ್‌ಸ್ಟ್ಯಾಂಡಿನವರೆಗೆ ತಮಗೆ ಬೇಕಾದ ಉಪ್ಪುಖಾರ ಹಚ್ಚಿ ಹಂಚಿಬಿಟ್ಟಿದ್ದಾರೆ. ನನ್ನ ಕಡೆಯ ನ್ಯಾಯವನ್ನೂ ಯಾರಾದರೂ ಕೇಳಬೇಡವೇ?

ಎಲ್ಲಕ್ಕೂ ಮೂಲ ಹಾಲು. ಮದುವೆಯಾಗಿ ಸೇಲಂಗೆ ಬಂದ ದಿನದಿಂದ ನಾನು ಉಕ್ಕಿದ ಹಾಲು ಒರೆಸುತ್ತಲೇ ಬಂದವಳು. ನಾನು ಒಲೆಯ ಮುಂದೆ ನಿಂತಿರುವಷ್ಟು ಹೊತ್ತು ಹಾಲು ಸಾಧುಸಂತರ ಹಾಗೆ ಕಣ್ಣುಮುಚ್ಚಿ ಕೂತಿರುತ್ತದೆ. ಒಣಗಿದ ಬಟ್ಟೆ ತರಲು ಮೇಲೆ ಹೋದೆನೋ, ಅಷ್ಟೇ, ಒಲೆ, ಕಟ್ಟೆ, ನೆಲ ಎಲ್ಲಕ್ಕೂ ಕ್ಷೀರಾಭಿಷೇಕ. ಮನೆಯಲ್ಲಿ ಒಬ್ಬರು ಗಂಡಸರಿದ್ದಾರೆ, ಅವರಿಗೆ ಎರಡು ಕಣ್ಣಿವೆ, ಎರಡೂ ನೆಟ್ಟಗೆ ಕಾಣುತ್ತವೆ ಎಂದು ನಂಬಿ ಒಂದು ದಿನ ನಮ್ಮ ಮನೆಯವರನ್ನು ಹಾಲಿನ ಕಾವಲಿಗೆ ಕೂರಿಸಿ ಹೋದೆ. ಬಂದು ನೋಡಿದರೆ ಒಲೆ ಆರಿದೆ, ಹಾಲು ಹರಿದಿದೆ, ಯಜಮಾನರು ಫೋನು ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಾರೆ.

"ಏನ್ರೀ, ಆಲು ನೋಡ್ಕಂಡಿರಿ ಅಂತ ಏಳಿದ್ನಲ್ಲಾ?"

"ನೋಡ್ತಾನೇ ಇದ್ನಲ್ಲೇ ಶಶಿ."

"ಉಕ್ಕೋಗೈತಲ್ರೀ!"

"ಊಂ, ಉಕ್ಕಿದ್ನೂ ನೋಡ್ದೆ. ನೋಡು ಅಂದೆ, ನೋಡ್ದೆ. ಆರ್ಸು ಅಂದ್ಯಾ?"

ಇಂಥವರ ಜೊತೆ ಸಂಸಾರ ಮಾಡುವ ಹೆಂಗಸಿಗೆ ವಿಜ್ಞಾನದ ಕಡೆ ತಿರುಗುವುದಲ್ಲದೆ ಬೇರೆ ಯಾವ ದಾರಿಯಿದೆ, ನೀವೇ ಹೇಳಿ.

ನಮ್ಮ ಮನೆಯವರ ಹೆಸರು ಕೃಷ್ಣಪ್ರಸಾದ್. ಸೇಲಂನಲ್ಲಿ ಎವರ್‌ಸಿಲ್ವರ್ ಎಂದರೆ ಸ್ಟೀಲ್ ಪಾತ್ರೆ ಮಾಡುವ ಒಂದು ಸಣ್ಣ ಪಟ್ಟರೆ ಇಟ್ಟಿದ್ದಾರೆ. (ವರ್ಕ್‌ಶಾಪಿಗೆ ನಾವು ಇಲ್ಲಿ ಪಟ್ಟರೆ ಎನ್ನುತ್ತೇವೆ. ಸದ್ದು ಕೇಳಿದರೆ ಆ ಹೆಸರೇ ಸರಿ ಅನಿಸುತ್ತದೆ.) ಅವರ ತಾತ ಮಾಡಿದ ಚೊಂಬು, ಅವರಪ್ಪ ಮಾಡಿದ ಚೊಂಬು, ಈಗ ಇವರು ಮಾಡುತ್ತಿರುವ ಚೊಂಬು ಮೂರನ್ನೂ ಸಾಲಾಗಿ ಇಟ್ಟರೆ ಯಾವುದು ಯಾರದ್ದೆಂದು ಆ ಮೂವರಿಗೂ ಗೊತ್ತಾಗದು. ಅಂಥ ಪರಂಪರೆ.

ಒಂದು ದಿನ ಐದು ರೋಡ್ ಸರ್ಕಲ್ಲಿನ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ ಸಣ್ಣ ತಯಾರಕರಿಗೆ ಅಗ್ಗದ ಸೆನ್ಸಾರುಗಳ ಬಗ್ಗೆ ತಿಳಿವಳಿಕೆ ಕೊಡುತ್ತಾರೆ, ಜೊತೆಗೆ ಮಧ್ಯಾಹ್ನದ ಊಟವನ್ನೂ ಕೊಡುತ್ತಾರೆ ಎಂದು ಕಾಗದ ಬಂತು. ನಮ್ಮ ಮನೆಯವರು ಊಟಕ್ಕೆ ಹೋದರು. ಅವರು ಪಾಯಸ ಎರಡನೇ ಸಲ ಹಾಕಿಸಿಕೊಳ್ಳದ ಹಾಗೆ ನೋಡಿಕೊಳ್ಳಲು ನಾನು ಹೋದೆ.

ಅಲ್ಲಿ ಧನಶೇಖರ್ ಎಂಬ ಇಂಜಿನಿಯರ್ ಒಂದು ಮೇಜಿನ ಮೇಲೆ ಪುಟ್ಟ ಪುಟ್ಟ ಚೂರುಗಳನ್ನು ಹರಡಿಕೊಂಡು ನಿಂತಿದ್ದ. ಒಂದು ಬಿಸಿ ತಿಳಿಯುತ್ತದಂತೆ, ಒಂದು ತೂಕ ತಿಳಿಯುತ್ತದಂತೆ, ಒಂದು ವಾಸನೆ ಹಿಡಿಯುತ್ತದಂತೆ. ಅಕ್ಕಿಕಾಳಿನಷ್ಟು ಇರುವ ಇನ್ನೊಂದು ಎದುರಿಗೆ ಇರುವ ವಸ್ತು ಎಷ್ಟು ದೂರದಲ್ಲಿದೆ ಎಂದು ಬೆಳಕು ಬಿಟ್ಟು ನೋಡುತ್ತದಂತೆ! ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ. ಹಿಂದೆಲ್ಲ ಇವು ದೊಡ್ಡ ದೊಡ್ಡ ಕಂಪನಿಗಳಿಗೆ ಮಾತ್ರ ಕೈಗೆಟಕುತ್ತಿದ್ದವು, ಈಗ ಫೋನುಗಳಿಗೆಂದು ರಾಶಿ ರಾಶಿ ಮಾಡುವುದರಿಂದ ಬೆಲೆ ಬಿದ್ದುಹೋಗಿದೆ, ಇನ್ನು ಮೇಲೆ ಮಂಚ ಮಾಡುವವರು, ಬಕೆಟ್ ಮಾಡುವವರು, ಪಾತ್ರೆ ಮಾಡುವವರು ಎಲ್ಲರೂ ತಮ್ಮ ಸರಕಿಗೆ ಕಣ್ಣು, ಕಿವಿ, ಮೂಗು ಇಟ್ಟು ಮಾರಬಹುದು ಎಂದ.

"ಆ ಕಣ್ಣು ಎಷ್ಟಪ್ಪಾ?" ಎಂದು ಕೇಳಿದೆ.

ಅವನು ಹೇಳಿದ. ನನಗೆ ನಿಂತ ನೆಲ ಅಲುಗಿದಂತಾಯಿತು. ಒಂದು ಮೊಳ ಮಲ್ಲಿಗೆಗಿಂತ ಕಡಿಮೆ! ಇಷ್ಟು ಅಗ್ಗಕ್ಕೆ ಕಣ್ಣು ಸಿಗುವ ಕಾಲದಲ್ಲಿ ಕಣ್ಣಿದ್ದೂ ಇಲ್ಲದ ಗಂಡನನ್ನು ನಂಬಿಕೊಂಡು ನಾನು ಎಷ್ಟು ಹಾಲು ಒರೆಸಿದೆನಲ್ಲಾ!

"ಇದ್ನ ಗಂಡುಸ್ರಿಗೂ ಇಡಬೋದಾ ತಂಬಿ?"

"ಇರೋ ಕಣ್ಣನ್ನ ಕೆಲ್ಸಕ್ಕೆ ಹಚ್ಚೋ ಸೆನ್ಸಾರ್ ಇನ್ನೂ ವರಲೆ ಅಕ್ಕಾ," ಎಂದು ಅವನು ಬಹಳ ಗಂಭೀರವಾಗಿ ಹೇಳಿದ.

ಅಲ್ಲೇ, ಆ ಮೇಜಿನ ಮುಂದೆ, ನನಗೆ ದಿವ್ಯವಾದ ಆಲೋಚನೆ ಹೊಳೆಯಿತು. ಹಾಲಿನ ಪಾತ್ರೆಗೆ ಕಣ್ಣು! ಪಾತ್ರೆಯ ಅಡಿಯಲ್ಲೇ ಕರೆಂಟಿನ ಕಾಯಿಲ್. ಬಾಯಿಯ ಅಂಚಿನಲ್ಲಿ ಪುಟ್ಟ ಟೋಪಿಯೊಳಗೆ ಕೂತು ಕೆಳಗೆ ನೋಡುವ ಕಣ್ಣು. ಹಾಲು ಮೇಲೆದ್ದು ಬರುವುದು ಕಂಡ ತಕ್ಷಣ ಕಾಯಿಲ್ ಆರಬೇಕು, ಹಾಲು ಇಳಿದ ಮೇಲೆ ಮತ್ತೆ ಹೊತ್ತಬೇಕು. ಪಾತ್ರೆಗೆ ಹೆಸರು ಕೂಡ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಇಟ್ಟಾಗಿತ್ತು. ಕ್ಷೀರರಕ್ಷಕಿ.

ನಮ್ಮ ಮನೆಯವರು ಎಂದಿನಂತೆ ಅಡ್ಡಬಾಯಿ ಹಾಕಿದರು.

"ಪಾತ್ರೆಗ್ಯಾಕೆ ಕಣ್ಣು? ನಮ್ ತಾತ ಮಾಡಿದ್ ಚೊಂಬ್ಗೆ ಕಣ್ಣಿತ್ತಾ?"

"ನಿಮ್ ತಾತ್ನಿಗೇ ಕಣ್ಣಿದ್ದಿದ್ರೆ ನಿಮ್ನ ತಂದು ಪಟ್ಟರೆಗೆ ಕೂರುಸ್ತಿದ್ರಾ? ಸುಮ್ಕೆ ಏಳಿದ್ದು ಮಾಡಿ."

ಮಾಡಿದರು. ಬಡಿಯುವ ಕೆಲಸ ಅವರದ್ದು, ವೈರಿನ ಕೆಲಸ ಧನಶೇಖರನದ್ದು, ಇಬ್ಬರನ್ನೂ ಬಡಿದೆಬ್ಬಿಸುವ ಕೆಲಸ ನನ್ನದು. ಪಾತ್ರೆ ಬಾಯಿಬಿಟ್ಟು ಹೇಳುವ ಹಾಗೂ ಮಾಡಬಹುದು, ಅದಕ್ಕೂ ಹೆಚ್ಚು ಬೆಲೆಯಿಲ್ಲ ಎಂದ ಧನಶೇಖರ್. ಯಾವ ದನಿ ಹಾಕುವುದು ಎಂಬ ಪ್ರಶ್ನೆ ಬಂದಾಗ ನಾನು ಯಾರನ್ನೂ ಕೇಳಲಿಲ್ಲ. ಕೊಳ್ಳುವವರು ತಮಿಳರು, ಆದ್ದರಿಂದ ತಮಿಳಿನಲ್ಲೇ, ಎದೆಯುಬ್ಬಿಸಿ, ಮಹಡಿಯ ಮೇಲೆ ಬಟ್ಟೆ ಹರವುವವರಿಗೂ ಕೇಳುವ ಹಾಗೆ ಹೇಳಿದೆ: "ಕವಲೈ ವೇಂಡಾಂ, ನಾನ್ ಇರುಕ್ಕೇನ್. ಪಾಲ್ ಪೊಂಗಾದು!" ಎಂದರೆ, ಚಿಂತೆ ಬೇಡ, ನಾನಿದ್ದೇನೆ, ಹಾಲು ಉಕ್ಕುವುದಿಲ್ಲ. ಹಾಲು ಮೇಲೆದ್ದು ಇಳಿದಾಗಲೆಲ್ಲ ಪಾತ್ರೆ ಈ ಅಭಯವಾಕ್ಯವನ್ನು ನುಡಿಯಬೇಕು.

"ಕಣ್ಣನ್ನ ಆಫ್ ಮಾಡಾಕೆ ಒಂದು ಸ್ವಿಚ್ ಇಡ್ಲಾ ಅಕ್ಕಾ?" ಎಂದು ಕೇಳಿದ ಧನಶೇಖರ್.

"ವೇಂಡವೇ ವೇಂಡಾಂ! ಸ್ವಿಚ್ ಇಟ್ರೆ ನಮ್ ಮನೆಯೋರು ಮೊದ್ಲು ಅದ್ನೇ ಒತ್ತೋದು."

ನಮ್ಮ ಅಡಿಗೆಮನೆಯಲ್ಲಿ ಕ್ಷೀರರಕ್ಷಕಿಯ ಪರೀಕ್ಷೆ ನಡೆಯಿತು. ಹಾಲಿಟ್ಟು ಮಹಡಿಗೆ ಹೋದೆ, ಉಕ್ಕಲಿಲ್ಲ. ಹಾಲಿಟ್ಟು ಮಾರ್ಕೆಟ್ಟಿಗೆ ಹೋಗಿ ಬಂದೆ, ಉಕ್ಕಲಿಲ್ಲ. ಹಾಲಿಟ್ಟು ನಮ್ಮ ಮನೆಯವರನ್ನು ಕಾವಲಿಗೆ ಕೂರಿಸಿದೆ, ಆಗಲೂ ಉಕ್ಕಲಿಲ್ಲ! ನಾನು ಬೆರಗಾಗಿ ಗೋಡೆಗೆ ಒರಗಿಬಿಟ್ಟೆ. ಹಾಲು ಅಂಚಿನವರೆಗೆ ಬಂದು, ಆ ಕಣ್ಣನ್ನು ಕಂಡು, ಸೊಸೆಯ ಹಾಗೆ ತಲೆತಗ್ಗಿಸಿ ಕೆಳಗಿಳಿಯುತ್ತಿತ್ತು. ಆಮೇಲೆ ನನ್ನ ದನಿ ಮನೆಯೆಲ್ಲ ಮೊಳಗುತ್ತಿತ್ತು. ನಮ್ಮ ಮನೆಯವರು ಮಾತ್ರ, ಈಗ ಮನೆಯಲ್ಲಿ ಎರಡಾಯಿತು ಎಂದು ಗೊಣಗಿಕೊಂಡು ಪಟ್ಟರೆಗೆ ಹೋದರು.

ಇಂಥ ವಿಜಯದ ದಿನಗಳಲ್ಲೇ ಮಾರಂಡಹಳ್ಳಿಯಿಂದ ನಮ್ಮಮ್ಮ ನಾರಾಯಣಮ್ಮನ ಫೋನು ಬಂತು. ನನ್ನ ತಮ್ಮ ಮಾದೇಶ ಟೊಮೇಟೊದಲ್ಲಿ ನಾಲ್ಕು ಕಾಸು ಕಂಡು ಹೊಸ ಮನೆ ಕಟ್ಟಿದ್ದ. ಅದರ ಹಾಲು ಕಾಯಿಸುವ ಶಾಸ್ತ್ರ ಆವಣಿ ತಿಂಗಳಲ್ಲಿ, ಎಂದರೆ ನಮ್ಮ ಶ್ರಾವಣದ ಹೊತ್ತಿಗೆ.

"ಕಮಲಿನಿ ಅವ್ರಮ್ಮನ್ನ ಕರ್ಸಾನ ಅಂತವ್ಳೆ," ಎಂದಳು ಅಮ್ಮ. ಕಮಲಿನಿ ಎಂದರೆ ಮಾದೇಶನ ಹೆಂಡತಿ. ಸೇಲಂ ಪೇಟೆಯ ಹುಡುಗಿ, ಮಾತು ಬೆಣ್ಣೆ. "ನಾನೇ ಬ್ಯಾಡ ಅಂದೆ. ಉಟ್ಟಿದ ಮಗ್ಳು ಇರೋವಾಗ ಬೇರೇರ್ ಕೈಯಾಗೆ ಯಾಕೆ? ಆದ್ರೆ ಒಂದ್ ಮಾತು ಕಣೇ. ಸೇಲಂ ಸೇರ್ಕಂಡ್ಮೇಲೆ ನೀನು ಮಗ್ಳೋ ನೆಂಟ್ಳೋ ಗೊತ್ತೇ ಆಗಾಕಿಲ್ಲ. ಈ ಸಲ ಬಂದು ನೆಟ್ಟುಗೆ ಆಲು ಕಾಯ್ಸಿಕೊಡು, ನೋಡಾನ."

ಓದುಗರೇ, ಇದರ ತೂಕ ನಿಮಗೆ ಗೊತ್ತಾಗಬೇಕು. ನಮ್ಮ ಕಡೆ ತಮ್ಮನ ಹೊಸಮನೆಯ ಒಲೆಯ ಮೇಲೆ ಮೊದಲ ಹಾಲಿಡುವ ಹಕ್ಕು ಅಕ್ಕನದ್ದು. ಅದಾದ ಮೇಲೆ ತಮ್ಮ ತಟ್ಟೆಯಲ್ಲಿ ಸೀರೆಯಿಟ್ಟು ಎಲ್ಲರ ಮುಂದೆ ಅಕ್ಕನಿಗೆ ಕೊಡಬೇಕು. ಆ ಸೀರೆ ಉಟ್ಟು ಊರಲ್ಲಿ ಒಂದು ಸುತ್ತು ಬಂದರೆ, ಇವಳು ಈ ಮನೆಯ ಮಗಳು ಎಂದು ರಿಜಿಸ್ಟರ್ ಆಫೀಸಿನಲ್ಲಿ ಮೊಹರು ಬಿದ್ದ ಹಾಗೆ. ಅಮ್ಮನ ಬಾಯಲ್ಲಿ ನೆಂಟಳು ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ನೋವು ಇಲ್ಲ. ಯಾರೂ ನೋಡಿರದ ಹಾಗೆ ಹಾಲು ಕಾಯಿಸಿ ತೋರಿಸುತ್ತೇನೆ ಎಂದು ಆಗಲೇ ಶಪಥ ಮಾಡಿದೆ. ಸೀರೆಯನ್ನು ನೇಕಾರರ ಊರು ಇಳಂಪಿಳ್ಳೈಗೆ ಹೋಗಿ ನಾನೇ ಆರಿಸಿ, ತಮ್ಮನ ಕೈಗೆ ತಲುಪಿಸಿದೆ. ಬದನೆಕಾಯಿ ಬಣ್ಣ, ಸಾಸಿವೆ ಅಂಚು.

"ನಮ್ ಕ್ಷೀರರಕ್ಷಕೀನೇ ತಗಂಡೋಗಾನ," ಎಂದೆ ಮನೆಯವರಿಗೆ.

ಅವರು ಫೋನಿನಿಂದ ತಲೆಯೆತ್ತಿದರು. "ಶಶಿ, ಅಲ್ಲಿ ಆಲು ಉಕ್..."

"ಉಕ್ಕಾಕಿಲ್ಲ ಅಂತ ತಾನೇ ನಾನೂ ಏಳ್ತಿರೋದು!"

"ಅದ್ಕೇ ಕಣೇ, ನಾನು ಏಳ್ತಿರೋದು ಏನಂದ್ರೆ, ಇಂಥಾ ಶಾಸ್ತ್ರದಾಗೆ ಆಲು..."

"ನೀವು ಏನೂ ಏಳ್ಬ್ಯಾಡಿ. ನಮ್ ತವ್ರು, ನಮ್ ಶಾಸ್ತ್ರ. ಸುಮ್ಕಿರಿ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮತ್ತೆ ಫೋನಿನೊಳಗೆ ಇಳಿದರು. ಆ ನೋಟದಲ್ಲಿ ಮೆಚ್ಚುಗೆ ಇದೆ ಎಂದುಕೊಂಡೆ ನಾನು. ಏನು ಮಾಡುವುದು, ವರ್ಷಗಟ್ಟಲೆ ಹಾಲು ಒರೆಸಿದವಳ ತಲೆಯಲ್ಲಿ ಉಕ್ಕುವ ಹಾಲು ಎಂದರೆ ಮಹಾಪಾಪ, ಉಕ್ಕದ ಹಾಲು ಎಂದರೆ ಮೋಕ್ಷ. ಎಲ್ಲೋ ಒಂದು ಕಡೆ ಉಕ್ಕಿದರೇ ಶುಭ ಎಂಬ ಮಾತು ಆ ತಲೆಯ ಮೂಲೆಯಲ್ಲೂ ಇರಲಿಲ್ಲ. ದೇವರಾಣೆ ಇರಲಿಲ್ಲ.

ಶಾಸ್ತ್ರದ ದಿನ ಮಾರಂಡಹಳ್ಳಿಯ ಹೊಸಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹೊರಗೆ ನಾದಸ್ವರ, ತವಿಲು. ಒಳಗೆ ಅಡಿಗೆಮನೆಯ ಮೂಡಣ ಮೂಲೆಯಲ್ಲಿ ಕಮಲಿನಿ ಮೂರು ಇಟ್ಟಿಗೆ ಜೋಡಿಸಿ, ಹೊಸ ಮಣ್ಣಿನ ಮಡಕೆಗೆ ಅರಿಶಿನದ ಕೊಂಬು ಕಟ್ಟಿ, ಸೌದೆ ಒಟ್ಟಿ ಇಟ್ಟಿದ್ದಳು. ನಾನು ಅದನ್ನೆಲ್ಲ ಕಾಲಿನಲ್ಲಿ ಅತ್ತ ಸರಿಸಿ, ಕ್ಷೀರರಕ್ಷಕಿಯನ್ನು ಕಟ್ಟೆಯ ಮೇಲೆ ಕೂರಿಸಿದೆ.

"ಇಂಥಾ ಬೆಳ್ಳಗಿರೋ ಗೋಡೆಗೆ ಒಗೆ ಇಡುಸ್ತಿಯಾ? ನಿನ್ ಮನೇಗೆ ಅಂತ್ಲೇ ಮಾಡ್ಸಿ ತಂದಿವ್ನಿ ನೋಡು."

"ಸರಿ ಅತ್ತಿಗೆ, ನೀವು ಏಳಿದಂಗೆ," ಎಂದಳು ಕಮಲಿನಿ, ಬೆಣ್ಣೆಯ ದನಿಯಲ್ಲಿ.

ಪೂಜಾರಿ ಕುಪ್ಪಸ್ವಾಮಿ ಪಾತ್ರೆಯನ್ನು ಸುತ್ತಲೂ ನೋಡಿದರು. "ನೆರುಪ್ಪು ಎಲ್ಲೈತೆ ಮ್ಮಾ?"

"ಒಳಗೈತೆ ಸಾಮಿ. ಅಗ್ನಿದೇವ್ರು ಈಗ ವೈರ್‌ನಾಗೆ ಬತ್ತಾನೆ."

ಕಮಲಿನಿ ಹಾಲು ಸುರಿದಳು. ನಾನು ದೇವರನ್ನು ನೆನೆದು ಪ್ಲಗ್ ಹಾಕಿದೆ. ನಮ್ಮ ಕಂಬೈನಲ್ಲೂರಿನ ಸೋದರತ್ತೆ ಎಲ್ಲರಿಗಿಂತ ಮುಂದೆ ಬಂದು ಕೂತರು. ಹಾಲು ಯಾವ ದಿಕ್ಕಿಗೆ ಉಕ್ಕುತ್ತದೆ, ಮೂಡಣಕ್ಕೆ ಉಕ್ಕಿದರೆ ಏನು ಫಲ, ಬಡಗಣಕ್ಕೆ ಉಕ್ಕಿದರೆ ಏನು ಫಲ ಎಂದು ಅವರು ಪಕ್ಕದವರಿಗೆ ವಿವರಿಸುವುದು ನನ್ನ ಕಿವಿಗೆ ಬಿತ್ತು. ಉಕ್ಕುತ್ತದೆ? ಫಲ?

ತಲೆಯೆತ್ತಿ ನಮ್ಮ ಮನೆಯವರ ಕಡೆ ನೋಡಿದೆ. ಅವರು ಬಾಗಿಲ ಹತ್ತಿರ ನಿಂತು ಸೂರನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಹಾಲು ಎದ್ದಿತು. ಬೆಳ್ಳಗೆ, ಗುಂಡಗೆ, ಪಾತ್ರೆಯ ಅಂಚಿಗೆ ಬಂತು. ಕುಪ್ಪಸ್ವಾಮಿ ಕೈಯೆತ್ತಿದರು, ಹೊರಗೆ ತವಿಲಿನವನು ಗಟ್ಟಿಮೇಳ ಹೊಡೆದ, ಮಾದೇಶ ಎರಡು ಕೈ ಮುಗಿದುಕೊಂಡು "ಪೊಂಗಲೋ ಪೊಂ..." ಎಂದು ಕೂಗಿದ.

ಹಾಲು ತಲೆತಗ್ಗಿಸಿ ಕೆಳಗಿಳಿಯಿತು.

ಸಾಮಾನು ಸರಂಜಾಮು ಇಲ್ಲದ ಹೊಸಮನೆಯ ಖಾಲಿ ಗೋಡೆಗಳಿಗೆ ಬಡಿದು ಮೂರು ಪಟ್ಟು ದೊಡ್ಡದಾಗಿ ನನ್ನ ದನಿ ಮೊಳಗಿತು: "ಕವಲೈ ವೇಂಡಾಂ, ನಾನ್ ಇರುಕ್ಕೇನ್. ಪಾಲ್ ಪೊಂಗಾದು!"

ಗಟ್ಟಿಮೇಳ ನಿಂತಿತು. ಮನೆಯಲ್ಲಿದ್ದ ಪ್ರತಿಯೊಂದು ತಲೆಯೂ ನನ್ನ ಕಡೆ ತಿರುಗಿತು. ನನ್ನ ಬಾಯಿ ಮುಚ್ಚಿತ್ತು, ಓದುಗರೇ. ಜೀವಮಾನದಲ್ಲಿ ಅಷ್ಟು ಬಿಗಿಯಾಗಿ ಎಂದೂ ಮುಚ್ಚಿರಲಿಲ್ಲ.

"ಏನಂದೆ?" ಎಂದಳು ಅಮ್ಮ.

"ನಾನೇನೂ ಅನ್ಲಿಲ್ಲಮ್ಮಾ."

"ಆಲು ಉಕ್ಕಾಕಿಲ್ಲ ಅಂದೆ. ನಾನಿರೋಗಂಟ ಉಕ್ಕಾಕಿಲ್ಲ ಅಂದೆ. ಇಡೀ ಊರೇ ಕೇಳೈತೆ!"

"ಅದು ಪಾತ್ರೆ ಅಂದಿದ್ದು!"

"ಪಾತ್ರೆಗೆ ನಿನ್ ಗಂಟ್ಲು ಎಲ್ಲಿಂದ ಬಂತು?"

ಸೋದರತ್ತೆ ಪಕ್ಕದವರ ಕಡೆ ಬಾಗಿ, ಇಡೀ ಮನೆಗೆ ಕೇಳುವ ಗುಟ್ಟಿನ ದನಿಯಲ್ಲಿ ಹೇಳಿದರು. "ವಯಿತ್ತೆರಿಚ್ಚಲ್ ಕಣೇ. ತಮ್ಮ ಮನೆ ಕಟ್ದ ಅಂತ ಒಟ್ಟೆ ಉರಿ. ಇಲ್ದಿದ್ರೆ ಇಂಥಾ ಮಾತು ಬಾಯಾಗ್ ಬತ್ತದಾ?"

ಹಾಲು ಮತ್ತೆ ಎದ್ದಿತು. ಮತ್ತೆ ಗಟ್ಟಿಮೇಳ, ಮತ್ತೆ ಪೊಂಗಲೋ ಪೊಂ. ಮತ್ತೆ ಹಾಲು ಇ-ಳಿ-ಯಿ-ತು. ಮತ್ತೆ ನಾನಿದ್ದೇನೆ, ಉಕ್ಕುವುದಿಲ್ಲ. ಹೀಗೇ ಏಳುವುದು, ಇಳಿಯುವುದು, ಏಳುವುದು, ಇಳಿಯುವುದು. ತವಿಲಿನವನು ಕೋಲನ್ನು ಗಾಳಿಯಲ್ಲೇ ಹಿಡಿದು ಅಡಿಗೆಮನೆಯೊಳಗೆ ಇಣುಕತೊಡಗಿದ. ನಾದಸ್ವರದವನ ಕೆನ್ನೆ ಊದಿದ್ದು ಊದಿದ ಹಾಗೇ ಇತ್ತು. ಇಷ್ಟು ನಿಷ್ಠೆಯಿಂದ ಕೆಲಸ ಮಾಡುವ ವಸ್ತುವನ್ನು ನಾನು ಭೂಮಂಡಲದಲ್ಲಿ ಕಂಡಿಲ್ಲ.

ಹಿತ್ತಲಿಗೆ ಓಡಿ ಧನಶೇಖರನಿಗೆ ಫೋನು ಮಾಡಿದೆ.

"ತಂಬೀ, ಅದ್ನ ಎಂಗಪ್ಪಾ ಆಫ್ ಮಾಡೋದು?"

"ನೀವೇ ತಾನೆ ಅಕ್ಕಾ ಸ್ವಿಚ್ ವೇಂಡಾಂ ಅಂದಿದ್ದು!"

"ಪ್ಲಗ್ ಕಿತ್ರೆ?"

"ಕಾಯಿಲ್ ನಿಂತೋಗ್ತದೆ. ಆಲು ತಣ್ಣಗಾಗ್ತದೆ. ಮಾತು ಮಾತ್ರ ನಿಲ್ಲಾಕಿಲ್ಲ, ಒಳಗೆ ಬ್ಯಾಟರಿ ಐತೆ." ಆಮೇಲೆ ಬಹಳ ಸಂತೋಷದಿಂದ ಕೇಳಿದ. "ಸೆನ್ಸಾರ್ ಸೂಪರಾ ವೇಲೆ ಮಾಡ್ತೈತಾ ಅಕ್ಕಾ?"

"ಸೂಪರ್," ಎಂದೆ. ಅಳು ಬಂತು.

ಒಳಗೆ ಬಂದು, ಹಾಲನ್ನು ಕಮಲಿನಿಯ ಮಡಕೆಗೆ ಬಗ್ಗಿಸಿಬಿಡೋಣ ಎಂದೆ. ಕುಪ್ಪಸ್ವಾಮಿ ಎರಡು ಕೈಯಲ್ಲೂ ತಡೆದರು. ಹೊಸ ಒಲೆಗೆ ಇಟ್ಟ ಹಾಲನ್ನು ಉಕ್ಕುವ ಮುಂಚೆ ಇಳಿಸಬಾರದಂತೆ. ಇಳಿಸಿದರೆ ಮನೆಗೆ ಆಗದಂತೆ. ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲವಂತೆ, ಅಷ್ಟರಲ್ಲಿ ಉಕ್ಕಲೇಬೇಕಂತೆ.

ಮಾದೇಶ ನನ್ನ ಹತ್ತಿರ ಬಂದ. ಅವನ ಮುಖ ಸಣ್ಣಗಾಗಿತ್ತು. ಯಾರಿಗೂ ಕೇಳದ ಹಾಗೆ ಕೇಳಿದ.

"ಅಕ್ಕಾ, ನಾನು ನಿಂಗೇನ್ ಕಮ್ಮಿ ಮಾಡಿದ್ನಕ್ಕಾ?"

ಆ ಒಂದು ಮಾತಿಗೆ ನನ್ನ ಎದೆ ಒಡೆದುಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎತ್ತಿ ಆಡಿಸಿದ ತಮ್ಮ, ಅವನ ಮನೆಯ ಮೊದಲ ಶುಭಕಾರ್ಯ, ಅದಕ್ಕೆ ನಾನೇ ಶನಿಯಾಗಿ ಬಂದು ಕೂತೆನಲ್ಲ ಎಂದು ನಿಜವಾಗಿಯೂ ನೊಂದೆ. ಅವನಿಗೆ ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ನಾನು ಹೇಳುವ ಮುಂಚೆಯೇ ನನ್ನ ದನಿ ಹೇಳಿತು: "ಕವಲೈ ವೇಂಡಾಂ, ನಾನ್ ಇರುಕ್ಕೇನ್. ಪಾಲ್ ಪೊಂಗಾದು!"

ಅಮ್ಮ ಆಗ ಹೊಸಿಲಿಗೆ ಹಚ್ಚಲೆಂದು ಅರಿಶಿನ ಕಲಸುತ್ತಿದ್ದಳು. ಎದ್ದಳು. ಸೆರಗು ಬಿಗಿದಳು. ಜನ ತಾವಾಗಿ ದಾರಿ ಬಿಟ್ಟರು. ನೇರವಾಗಿ ಬಂದವಳೇ, "ಮುಚ್ಚೇ ಬಾಯ್ನ!" ಎಂದು ಅರಿಶಿನದ ಕೈಯೆತ್ತಿ ಫಟಾರ್ ಎಂದು ಒಂದು ಬಿಟ್ಟಳು.

ಏಟು ಬಿದ್ದದ್ದು ಪಾತ್ರೆಗೆ. ಕೆನ್ನೆ ಮುಟ್ಟಿಕೊಂಡವಳು ನಾನು.

ಆ ಏಟಿಗೆ ಪಾತ್ರೆಯ ಹೊಟ್ಟೆಯ ಮೇಲೆ ಐದು ಬೆರಳೂ ಹಳದಿಯಾಗಿ ಮೂಡಿದವು. ಅಂಚಿನ ಟೋಪಿ ಮಗುಚಿಕೊಂಡು, ಇಷ್ಟು ಹೊತ್ತು ಹಾಲನ್ನೇ ದುರುಗುಟ್ಟಿ ನೋಡುತ್ತಿದ್ದ ಕಣ್ಣು ಮೇಲೆ ತಿರುಗಿ ಸೂರನ್ನು ನೋಡತೊಡಗಿತು. ಈಗ ಅದಕ್ಕೆ ಹಾಲೂ ಕಾಣದು, ಹಿಂದೂ ಕಾಣದು ಮುಂದೂ ಕಾಣದು. ಕಾಯಿಲ್ ಹೊತ್ತಿದ್ದು ಹೊತ್ತಿದ ಹಾಗೇ. ಹಾಲು ಎದ್ದಿತು. ಅಂಚಿಗೆ ಬಂತು. ಎಲ್ಲರೂ ಉಸಿರು ಹಿಡಿದರು. ಅಂಚು ದಾಟಿತು!

ಉಕ್ಕಿತು, ಮಹನೀಯರೇ, ಉಕ್ಕಿತು! ಮೊದಲು ಮೂಡಣಕ್ಕೆ, ಆಮೇಲೆ ಬಡಗಣಕ್ಕೆ, ಆಮೇಲೆ ದಿಕ್ಕಿನ ಪರಿವೆಯೇ ಇಲ್ಲದೆ ಎಲ್ಲ ಕಡೆಗೆ. ಕಟ್ಟೆಯಿಂದ ಇಳಿದು ಕುಪ್ಪಸ್ವಾಮಿಯವರ ಪಾದ ತೊಳೆದು ನಡುಮನೆಗೆ ಹರಿಯಿತು. ಗಟ್ಟಿಮೇಳ ಮುಗಿಲು ಮುಟ್ಟಿತು. ಮಾದೇಶ ಈ ಸಲ ಪೊಂಗಲೋ ಪೊಂಗಲ್ ಎಂದು ಪೂರ್ತಿಯಾಗಿ ಕೂಗಿ, ಕಣ್ಣೊರೆಸಿಕೊಂಡ. ಪಾತ್ರೆಯೊಳಗೆ ಏನೋ ಪಟ್ ಎಂದಿತು, ಮನೆಯ ದೀಪಗಳೆಲ್ಲ ಒಟ್ಟಿಗೆ ಆರಿದವು. ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಇಷ್ಟು ವರ್ಷ ಎಷ್ಟೋ ಮನೆಯ ಹಾಲು ನೋಡಿದ್ದೇನೆ, ಹೀಗೆ ಉಕ್ಕಿದ್ದು ಕಂಡಿಲ್ಲ ಎಂದು ಸೋದರತ್ತೆಯೇ ಒಪ್ಪಿಕೊಂಡರು.

ನಾನು ನೆಲದ ಮೇಲೆ ಕೂತು ಒಂದು ದೊಡ್ಡ ಉಸಿರು ಬಿಟ್ಟೆ. ಹೇಗಾದರೇನು, ಹಾಲು ಉಕ್ಕಿತು. ತಮ್ಮನ ಮನೆ ಉಳಿಯಿತು. ನನ್ನ ಮಾನವೂ ಉಳಿದ ಹಾಗೇ ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

ಕುಪ್ಪಸ್ವಾಮಿ ತಟ್ಟೆ ತರಿಸಿದರು. ಬದನೆಕಾಯಿ ಬಣ್ಣ, ಸಾಸಿವೆ ಅಂಚು. "ಆಲು ಉಕ್ಕಿಸಿದೋರು ಬನ್ನಿ ಮ್ಮಾ."

ನಾನು ಎದ್ದೆ.

"ನೀನ್ಯಾಕೆ ಎದ್ದೆ?" ಎಂದರು ಸೋದರತ್ತೆ. "ನೀನು ಉಕ್ಕಾಕಿಲ್ಲ ಅಂದೋಳು."

"ಆಲು ಇಟ್ಟೋಳು ನಾನಲ್ವಾ ಅತ್ತೆ?"

"ಇಟ್ಟೆ. ಉಕ್ಸಿದ್ದು ನಿಮ್ಮಮ್ಮ."

"ನನಗ್ಯಾಕಮ್ಮ ಈ ವಯಸ್ಸಾಗೆ ಬದ್ನೇಕಾಯ್ ಬಣ್ಣ?" ಎಂದಳು ಅಮ್ಮ. ಆದರೂ ಒಂದು ಸಲ ಅಂಚು ಮುಟ್ಟಿ ನೋಡಿದಳು.

ಹಾಲು ಸುರಿದವಳು ಕಮಲಿನಿ ಎಂದು ಅವಳ ಕಡೆಯವರೊಬ್ಬರು ನೆನಪಿಸಿದರು. ಪ್ಲಗ್ ಹಾಕಿದವಳೇ ಒಲೆ ಹಚ್ಚಿದವಳು ಎಂದು ನಾನು ವಾದಿಸಿದೆ. ಅಗ್ನಿದೇವರು ವೈರಿನಲ್ಲಿ ಬರುತ್ತಾನೆ ಎಂದರೆ ಕರೆಂಟ್ ಆಫೀಸಿನವರಿಗೇ ಸೀರೆ ಕೊಡಬೇಕಾಗುತ್ತದಲ್ಲ ಎಂದರು ನಮ್ಮ ಮನೆಯವರು. (ಯಾರೂ ಕೇಳಿರಲಿಲ್ಲ.) ಆಗ ಕಮಲಿನಿ ಬೆಣ್ಣೆಯ ದನಿಯಲ್ಲಿ ಒಂದೇ ಒಂದು ಮಾತು ಹೇಳಿದಳು.

"ಯಾರೇ ಆಗ್ಲಿ ಅತ್ತೆ, ಮೊದ್ಲು ಆ ಪಾತ್ರೆಗೆ ಒಂದು ಆರತಿ ಎತ್ತಿಬಿಡಾನ. ದೃಷ್ಟಿ ಓಗ್ಲಿ."

ಅಮ್ಮ ಆರತಿ ಎತ್ತಿದಳು. ಕತ್ತಲ ಮನೆ, ಒಂದೇ ಒಂದು ಕರ್ಪೂರದ ಬೆಳಕು. ತಟ್ಟೆ ಪಾತ್ರೆಯ ಬಾಯಿಯ ಮೇಲೆ ಹಾಯಿತು. ಮೇಲೆ ತಿರುಗಿ ಕೂತಿದ್ದ ಆ ಕಣ್ಣಿಗೆ ಏನೋ ಹತ್ತಿರ ಬಂದು ಹೋದದ್ದು ಕಂಡಿತು. ಬ್ಯಾಟರಿ ಇತ್ತಲ್ಲ. ಆದರೆ ಒಳಗೆ ಹಾಲು ಹೊಕ್ಕು, ದನಿ ತಗ್ಗಿ, ಮೆತ್ತಗಾಗಿ, ಅರ್ಧ ಮಾತು ಮುಳುಗಿಹೋಗಿತ್ತು. ಉಳಿದದ್ದು ಇಷ್ಟೇ.

"ಕವಲೈ ವೇಂಡಾಂ... ನಾನ್ ಇರುಕ್ಕೇನ್..."

ಚಿಂತೆ ಬೇಡ, ನಾನಿದ್ದೇನೆ. ಕುಪ್ಪಸ್ವಾಮಿಯವರ ಕೈ ತಾನಾಗಿ ಮುಗಿಯಿತು. ಸೋದರತ್ತೆ ಎರಡೂ ಕೆನ್ನೆ ಬಡಿದುಕೊಂಡು, "ಅಮ್ಮಾ ತಾಯೇ, ಬಾಯ್ ತಪ್ಪಿ ಆಡ್ಬಿಟ್ಟೆ, ಮನ್ನಿಸ್ಬಿಡು" ಎಂದು ಅಡ್ಡಬಿದ್ದರು. ಅವರ ಹಿಂದೆ ಸಾಲಾಗಿ ಎಲ್ಲರೂ.

"ಅಯ್ಯೋ, ಅದು ನನ್ ದನಿ ಕಣ್ರೋ!" ಎಂದು ಕಿರುಚಿದೆ.

"ಸುಮ್ಕಿರೇ," ಎಂದಳು ಅಮ್ಮ. "ನಿನ್ ದನಿ ಇಷ್ಟು ಮೆತ್ಗೆ ಯಾವತ್ತಿತ್ತು?"

ಎರಡು ಮಾತಿಲ್ಲದೆ ಮಾದೇಶ ತಟ್ಟೆಯ ಸೀರೆಯನ್ನು ತೆಗೆದು ಪಾತ್ರೆಗೆ ಉಡಿಸಿದ. ನೆರಿಗೆ ಹಿಡಿದುಕೊಟ್ಟವಳು ಕಮಲಿನಿ. ಆ ಸೀರೆಗೆಂದು ನಾನು ಸೇಲಂನಲ್ಲೇ ರವಿಕೆ ಹೊಲಿಸಿ ಆಗಿತ್ತು ಎಂಬ ಮಾತನ್ನು ಯಾರ ಹತ್ತಿರ ಹೇಳಲಿ? ಹೂ ಮುಡಿಸಿ, ಕುಂಕುಮ ಇಟ್ಟು, ಕ್ಷೀರರಕ್ಷಕಿಯನ್ನು ದೇವರ ಗೂಡಿನಲ್ಲಿ ಕೂರಿಸಿದರು. ನಮ್ಮ ಮನೆಯವರು, ನಮ್ಮ ಹತ್ತಿರ ಇರುವುದು ಅದೊಂದೇ ಪಾತ್ರೆ, ಅದನ್ನು ನೋಡಿ ತಾನೇ ಉಳಿದದ್ದು ಮಾಡಬೇಕು ಎಂದು ಸಣ್ಣಗೆ ಹೇಳಿ ನೋಡಿದರು. ಗೂಡಿನಲ್ಲಿ ಕೂತ ತಾಯಿಯನ್ನು ಪಟ್ಟರೆಗೆ ಕರೆಯುತ್ತೀರಾ ಎಂದು ಸೋದರತ್ತೆ ಅವರನ್ನು ನೋಡಿದ ನೋಟಕ್ಕೆ, ಅವರು ಊಟದ ಪಂಕ್ತಿಯ ಕಡೆ ಹೊರಟೇಹೋದರು.

ಎಲ್ಲರೂ ನಮಸ್ಕಾರ ಮಾಡಿದ ಮೇಲೆ ಉಳಿದವಳು ನಾನೊಬ್ಬಳೇ. ಕಮಲಿನಿ ನನ್ನ ಕೈಗೆ ನಾಲ್ಕು ಹೂ ಕೊಟ್ಟು, "ನೀವೂ ಕೇಳ್ಕಳಿ ಅತ್ತಿಗೆ, ಒಳ್ಳೇದಾಗ್ತದೆ" ಎಂದಳು. ನಾನು ನಿಂತು ನೋಡಿದೆ. ನನ್ನ ಸೀರೆ ಉಟ್ಟು, ನನ್ನ ದನಿಯಲ್ಲಿ ಮಾತಾಡಿ, ನನ್ನ ತವರಿನಲ್ಲಿ ನನಗಿಂತ ಎತ್ತರದ ಜಾಗದಲ್ಲಿ ಕೂತಿದ್ದಾಳೆ ಮಲ್ಲಿಗೆಯ ಬೆಲೆಯ ಕಣ್ಣಿನವಳು! ತಡೆಯಲಾರದ ಸಂಕಟ, ತಡೆಯಲಾರದ ಹೊಟ್ಟೆಕಿಚ್ಚು, ಈ ಸಲ ನಿಜವಾದದ್ದು. ಆದರೂ ಇಡೀ ಊರು ನೋಡುತ್ತಿತ್ತು. ಬಗ್ಗಿದೆ. ಹಣೆ ನೆಲಕ್ಕೆ ಮುಟ್ಟಿಸಿದೆ.

ತಲೆಯೆತ್ತುವಾಗ ಪಕ್ಕದಲ್ಲಿ ಅಮ್ಮ ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಪಾತ್ರೆಯ ಸೆರಗನ್ನು ಪ್ರೀತಿಯಿಂದ ಸರಿಮಾಡಿ, ತನ್ನ ಐದು ಬೆರಳಿನ ಗುರುತಿನ ಮೇಲೆ ಮೆಲ್ಲಗೆ ಕೈಯಾಡಿಸಿ ಹೇಳಿದಳು.

"ಮಗ್ಳು ಅಂದ್ರೆ ಇಂಗಿರ್ಬೇಕು ಕಣೇ. ಒಂದೇ ಏಟ್ಗೆ ಮಾತ್ ಕೇಳ್ತು."